ಗಡಿಯೂರಿನ ಸಂಗೀತೋತ್ಸವ: ಕುಹ್ಮೊದಲ್ಲಿ ಆದದ್ದು ಬದಿಯಡ್ಕದಲ್ಲಿ ಆಗಬಹುದೇ?

ಪ್ರಶ್ನೆ (ಬದಿಯಡ್ಕದಿಂದ)

ಫಿನ್‌ಲ್ಯಾಂಡಿನ ಕುಹ್ಮೊ ರಷ್ಯಾದ ಗಡಿಗೆ ತಾಗಿಕೊಂಡಿರುವ, ಸುತ್ತಲೂ ಕಾಡು ಮತ್ತು ಸರೋವರಗಳೇ ಇರುವ ಊರು. ಹತ್ತು ಸಾವಿರ ಜನರೂ ಇಲ್ಲದ ಅಲ್ಲಿ ಸೆಪ್ಪೊ ಕಿಮಾನೆನ್ ಎಂಬ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕರು 1970ರಲ್ಲಿ ಆರಂಭಿಸಿದ ಚೇಂಬರ್ ಸಂಗೀತೋತ್ಸವ ಈಗಲೂ ಪ್ರತಿ ಜುಲೈಯಲ್ಲಿ ನಡೆಯುತ್ತಿದೆ. ಕಾಸರಗೋಡು ಜಿಲ್ಲೆಯ ನಮ್ಮದೂ ಕೇರಳ-ಕರ್ನಾಟಕ ಗಡಿಯ ಊರೇ. ಇಲ್ಲಿ ಪಿಟೀಲು, ಮೃದಂಗ ಕಲಿತ ಮಕ್ಕಳು ಹತ್ತನೆಯ ತರಗತಿ ದಾಟಿದೊಡನೆ ಮಂಗಳೂರಿಗೋ ಬೆಂಗಳೂರಿಗೋ ಹೊರಡುತ್ತಾರೆ. ಕಳೆದ ವರ್ಷ ನಾವು ಕೆಲವರು ಸೇರಿ ನಡೆಸಿದ ಎರಡು ದಿನದ ಉತ್ಸವಕ್ಕೆ ಪಕ್ಕವಾದ್ಯದವರನ್ನೂ ಹೊರಗಿನಿಂದಲೇ ಕರೆಸಬೇಕಾಯಿತು. ಕೂಡಿದ ಹಣದ ಬಹುಪಾಲು ಶಾಮಿಯಾನ ಮತ್ತು ಧ್ವನಿವರ್ಧಕಕ್ಕೇ ಸಂದಿತು. ಆ ಊರಿನವರು ಐವತ್ತು ವರ್ಷ ಇದನ್ನು ಹೇಗೆ ಉಳಿಸಿಕೊಂಡರು?

ಉತ್ತರ 1 (ಪೆರ್ಲದಿಂದ)

ಅವರು ಸಭಾಂಗಣದಿಂದ ಆರಂಭಿಸಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಕುಹ್ಮೊದ ಕಲಾಭವನ ಎದ್ದದ್ದು 1993ರಲ್ಲಿ. ಅದಕ್ಕೂ ಮೊದಲಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಶಾಲೆಯ ಸಭಾಂಗಣ ಮತ್ತು ಮರದ ಇಗರ್ಜಿಯಲ್ಲೇ ಕಛೇರಿಗಳು ನಡೆದವು. ಚೇಂಬರ್ ಸಂಗೀತವೆಂದರೆ ಕೋಣೆಯೊಳಗಿನ ಸಂಗೀತ: ಮೂವರೋ ನಾಲ್ವರೋ ಎದುರುಬದುರಾಗಿ ಕುಳಿತು, ಒಬ್ಬರ ಕಣ್ಣನ್ನು ಇನ್ನೊಬ್ಬರು ನೋಡುತ್ತ ನುಡಿಸುವಂಥದ್ದು. ನಮ್ಮ ತಾಳಮದ್ದಳೆ ಇದಕ್ಕಿಂತ ಎಷ್ಟು ದೂರ? ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ, ಹೊರಗೆ ಮಳೆ ಹೊಯ್ಯುತ್ತಿರುವಾಗ, ವೇಷವಿಲ್ಲ, ರಂಗಸ್ಥಳವಿಲ್ಲ. ಒಬ್ಬ ಭಾಗವತ, ಚೆಂಡೆ, ಮದ್ದಳೆ, ಪಾತ್ರಗಳ ಮಾತನಾಡುವ ನಾಲ್ಕೈದು ಅರ್ಥಧಾರಿಗಳು ಚಾವಡಿಯಲ್ಲಿ ಕುಳಿತರೆ ರಾತ್ರಿ ಸರಿದದ್ದೇ ತಿಳಿಯುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸಂಗೀತವನ್ನೂ ಹೀಗೆಯೇ ಮನೆಯೊಳಗೆ ತಂದರೆ ಶಾಮಿಯಾನದ ಮಾತೇ ಬರುವುದಿಲ್ಲ.

ಉತ್ತರ 2 (ಮುಳ್ಳೇರಿಯದಿಂದ)

ಉತ್ಸವದ ಮಟ್ಟಿಗೆ ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ವಾದ್ಯವೃಂದದ ಲೆಕ್ಕ ಬೇರೆ. ಉತ್ಸವ ಊರವರ ಉತ್ಸಾಹದಿಂದ ನಡೆದೀತು. ವೃಂದಕ್ಕೆ ತಿಂಗಳ ಸಂಬಳ ಬೇಕು. ಆರ್ಕ್‌ಟಿಕ್ ವೃತ್ತದ ಅಂಚಿನ ರೊವನಿಯೆಮಿಯಲ್ಲಿ 1972ರಲ್ಲಿ ಹುಟ್ಟಿದ ಲ್ಯಾಪ್‌ಲ್ಯಾಂಡ್ ಚೇಂಬರ್ ಆರ್ಕೆಸ್ಟ್ರಾ ಉಳಿದಿರುವುದಕ್ಕೆ ಸಾರ್ವಜನಿಕ ಹಣ ದೊಡ್ಡ ಕಾರಣ. ಆರ್ಕೆಸ್ಟ್ರಾಗಳಿಗೆ ಸರಕಾರದ ಪಾಲನ್ನು ಫಿನ್‌ಲ್ಯಾಂಡ್ ಕಾನೂನಿನಲ್ಲೇ ಬರೆದಿದೆ. ಸಂಗೀತ ಶಾಲೆಗಳಿಗೂ 1960ರ ದಶಕದ ಕೊನೆಯಿಂದ ಇಂಥದೇ ನೆರವಿದೆ. ನಾರ್ವೆಯವರು 2009ರಲ್ಲಿ ಆರ್ಕ್‌ಟಿಕ್ ಫಿಲ್ಹಾರ್ಮೊನಿಕ್ ಕಟ್ಟುವಾಗ ಟ್ರೊಮ್ಸೊ, ಬೊಡೊ ಎರಡೂ ನಗರಗಳನ್ನು ನೆಲೆಯಾಗಿಸಿಕೊಂಡರು. ನಾವೂ ಪಂಚಾಯತಿನ ಮುಂದೆ ಉತ್ಸವದ ಸಹಾಯಧನಕ್ಕಿಂತ ಮೊದಲು ಒಬ್ಬ ಪಿಟೀಲು ಗುರುವಿನ ವರ್ಷಪೂರ್ತಿ ಸಂಬಳವನ್ನು ಕೇಳಬೇಕು.

ಉತ್ತರ 3 (ನೀರ್ಚಾಲಿನಿಂದ)

ಮದ್ದಳೆ ಬಾರಿಸುವವನಾಗಿ ಒಂದು ಮಾತು. ಆಟಿಯಲ್ಲಿ ಮದ್ದಳೆಯ ಮುಚ್ಚಿಗೆ (ಬಾರಿಸುವ ಚರ್ಮ) ತೇವ ಹೀರಿ ಶ್ರುತಿ ಇಳಿಯುತ್ತದೆ. ಪದ ಆರಂಭವಾಗುವ ಮುನ್ನ ಒಲೆಯ ಶಾಖ ತೋರಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಬಿಗಿಯಬೇಕು. ಪಿಟೀಲಿನ ಮರವೂ ಉಬ್ಬುತ್ತದೆ. ಫಿನ್‌ಲ್ಯಾಂಡ್, ನಾರ್ವೆಯವರ ಕಷ್ಟ ಇದಕ್ಕೆ ವಿರುದ್ಧ: ಚಳಿಗಾಲದಲ್ಲಿ ಬಿಸಿ ಮಾಡಿದ ಕೋಣೆಯ ಒಣ ಗಾಳಿಗೆ ಮರ ಬಿರುಕು ಬಿಡುತ್ತದೆ. ಹಿಮದಿಂದ ಒಳಗೆ ತಂದ ವಾದ್ಯವನ್ನು ಪೆಟ್ಟಿಗೆ ತೆರೆಯದೆ ಸ್ವಲ್ಪ ಹೊತ್ತು ಹಾಗೆಯೇ ಬಿಡುತ್ತಾರೆ. ಆದ್ದರಿಂದ ಮನೆ ಆರಿಸುವಾಗ ಒಣಗಿದ ಒಳಕೋಣೆ ಇದೆಯೇ ಎಂದು ಮೊದಲು ನೋಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಮ್ಮ ದೊಡ್ಡಪ್ಪನ ಮನೆಯ ಅಡಿಕೆ ಅಟ್ಟದ ಕೆಳಗೆ ಅಂಥ ಕೋಣೆಯೊಂದಿದೆ. ನಲವತ್ತು ಜನ ಕುಳಿತುಕೊಳ್ಳಬಹುದು. ಆಟಿಯ ಮೊದಲ ಭಾನುವಾರಕ್ಕೆ ಕೇಳಿದ್ದೇನೆ, ಅವರು ಒಪ್ಪಿದ್ದಾರೆ.