ಬೆಳ್ಳಿ ಎಲೆಯ ಎರಡು ಪೊದೆ: ಇವು ಯಾವುವು? ಒಂದು ಹಸಿರಾಗುತ್ತಿರುವುದೇಕೆ?

ಕುಂಡಪ್ರಿಯ:
‘ಸಿಲ್ವರ್ ಸೇಜ್’ ಎಂಬ ಒಂದೇ ಚೀಟಿ ಅಂಟಿಸಿ ನರ್ಸರಿಯಲ್ಲಿ ಕೊಟ್ಟ ಎರಡು ಗಿಡ, ಎರಡೂ ಕುಂಡದಲ್ಲಿವೆ, ಮೊಣಕಾಲೆತ್ತರ. ಮೊದಲನೆಯದರಲ್ಲಿ ಗೆಣ್ಣಿಗೆ ಎರಡರಂತೆ ಎಲೆಗಳು ಎದುರುಬದುರು. ಮೇಲ್ಭಾಗ ಬೂದುಹಸಿರು, ಎಲೆಯ ಅಡಿ ಮತ್ತು ಕಾಂಡ ಅಚ್ಚ ಬಿಳಿ. ಎರಡನೆಯದರಲ್ಲಿ ಗೆಣ್ಣಿಗೊಂದೇ ಎಲೆ, ತುದಿ ದುಂಡಗೆ, ಎರಡೂ ಬದಿ ಮಖಮಲ್ಲಿನಂತೆ. ಹೂವು ಇನ್ನೂ ಬಂದಿಲ್ಲ. ಎರಡನೆಯದರ ಚಿಗುರು ಹಸಿರಾಗಿ ಬರುತ್ತಿದೆ, ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿವೆ. ಮೂರು ದಿನಕ್ಕೊಮ್ಮೆ ನೀರು, ತಿಂಗಳಿಗೊಮ್ಮೆ 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ). ಗೊಬ್ಬರ ಸಾಲದೇ?

ಎಲೆತೊಟ್ಟು:
ಮೊದಲನೆಯದರ ಎಳೆ ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ. ನಾಲ್ಕು ಮೂಲೆ ತಗುಲಿದರೆ ಅದು ಹೆಚ್ಚುಕಡಿಮೆ ಖಚಿತವಾಗಿ ಟ್ಯೂಕ್ರಿಯಂ ಫ್ರುಟಿಕಾನ್ಸ್, ತುಳಸಿಯ ಕುಟುಂಬದ್ದು. ಹೂ ಬಂದಾಗ ಸಂಶಯವೇ ಉಳಿಯದು: ತಿಳಿನೀಲಿ, ಮೇಲ್ದುಟಿಯೇ ಇಲ್ಲ, ಕೆಳದುಟಿ ಮಾತ್ರ ಅಗಲವಾಗಿ ಇಳಿಬಿದ್ದಿರುತ್ತದೆ.

ಎರಡನೆಯದು ಲ್ಯೂಕೋಫಿಲಂ ಫ್ರುಟೆಸೆನ್ಸ್, ಅಂದರೆ ಟೆಕ್ಸಾಸ್ ಸೇಜ್ ಇರಬೇಕು. ಇದರ ಕಾಂಡ ದುಂಡು. ಹೂವು ನೇರಳೆ ಬಣ್ಣದ ಗಂಟೆ, ಐದು ಹಾಲೆ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಎಲೆ ನೋಡಿ. ಕವಲೊಡೆದ ರೋಮಗಳು ಕಂಡರೆ ಲ್ಯೂಕೋಫಿಲಂ. ರೋಮದ ಬದಲು ಚಪ್ಪಟೆ ದುಂಡು ಹುರುಪೆ, ನಡುವೆ ಕಂದು ಚುಕ್ಕೆಗಳಿದ್ದರೆ ಎಲೈಗ್ನಸ್ ಎಂಬ ಇನ್ನೊಂದು ಬೆಳ್ಳಿ ಎಲೆಯ ಪೊದೆ. ಅದರಲ್ಲಿ ಮುಳ್ಳೂ ಇರಬಹುದು.

ಒಂದು ಎಚ್ಚರಿಕೆ: ಒದ್ದೆ ಎಲೆಯ ಬಣ್ಣ ನಂಬಬೇಡಿ. ರೋಮಗಳ ನಡುವೆ ನೀರು ತುಂಬಿದರೆ ಬೆಳಕು ಚದುರುವುದು ನಿಂತು ಒಳಗಿನ ಹಸಿರು ಕಾಣುತ್ತದೆ. ಒಣಗಿದ ಮೇಲೂ ಹಸಿರಾಗಿದ್ದರಷ್ಟೇ ಯೋಚಿಸಬೇಕು.

ಬಸಿಗಾಲುವೆ:
ಗೊಬ್ಬರ ಸಾಲದ್ದಲ್ಲ, ಹೆಚ್ಚಾದದ್ದು. ಸಾರಜನಕ, ನೀರು, ನೆರಳು, ಈ ಮೂರರಲ್ಲಿ ಯಾವುದು ಹೆಚ್ಚಾದರೂ ಎಲೆ ಬೇಗ ಹಿಗ್ಗಿ ರೋಮ ವಿರಳವಾಗುತ್ತದೆ. 19-19-19 ಪೂರ್ತಿ ನಿಲ್ಲಿಸಿ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು.

ಹಳದಿ ಎಲೆಯ ವಿಷಯ ಬೇರೆ, ಅದು ಬೇರಿನ ದೂರು. ಗಿಡವನ್ನು ಕುಂಡದಿಂದ ಹೊರತೆಗೆದು ಒಂದು ಸಣ್ಣ ಬೇರನ್ನು ಉಗುರಲ್ಲಿ ಹಿಡಿದೆಳೆಯಿರಿ. ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿದರೆ ಬೇರು ಕೊಳೆ ಶುರುವಾಗಿದೆ. ಕೊಳೆತದ್ದನ್ನು ಕತ್ತರಿಸಿ ಹೊಸ ಮಿಶ್ರಣಕ್ಕೆ ಬದಲಿಸಿ: ಎರಡು ಪಾಲು ತೋಟದ ಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ 3–6 ಮಿ.ಮೀ. ಜಲ್ಲಿ, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು). ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಬೇಡ, ಬಹಳ ಹೊತ್ತು ತೇವ ಹಿಡಿಯುತ್ತದೆ. ಕುಂಡದ ತಳಕ್ಕೆ ಕಲ್ಲು ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ತಪ್ಪು. ನೀರು ಕಲ್ಲಿನ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ. ಮೇಲಿನ 5 ಸೆಂ.ಮೀ. ಪೂರ್ತಿ ಒಣಗಿದ ಮೇಲಷ್ಟೇ ನೀರು, ಅದೂ ಬುಡಕ್ಕೆ.

ನೆಲಕ್ಕೆ ನೆಡುವುದಾದರೆ 30 ಸೆಂ.ಮೀ. ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ಅಳೆಯಿರಿ. ಗಂಟೆಗೆ 2.5 ಸೆಂ.ಮೀ. ಕೂಡ ಇಳಿಯದಿದ್ದರೆ ಅಲ್ಲಿ 30 ಸೆಂ.ಮೀ. ದಿಬ್ಬ ಏರಿಸಿ ಅದರ ಮೇಲೆ ನೆಡಿ. ಜೇಡಿಮಣ್ಣಿಗೆ ಒಂದೆರಡು ಬುಟ್ಟಿ ಮರಳು ಬೆರೆಸಿದರೆ ಪ್ರಯೋಜನವಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ.

ಕುಂಡಪ್ರಿಯ:
ಮೊದಲನೆಯದರ ಕಾಂಡ ಚೌಕವೇ. ಎರಡನೆಯದರ ಬೇರು ಒಂದು ಬದಿ ಮಾತ್ರ ಕೊಳೆತಿದೆ. ಗಿಡ ಸತ್ತೇಹೋದರೆ ಎಂದು ತುಂಡಿನಿಂದ ಸಸಿ ಮಾಡಿಕೊಳ್ಳಬಹುದೇ? ಈಗ ಸವರಿದರೆ ತೊಂದರೆಯೇ?

ಎಲೆತೊಟ್ಟು:
ಈಗಲೇ ತುಂಡು ತೆಗೆದಿಡಿ. ಬಾಗಿಸಿದರೆ ಮುರಿಯದೆ ಪುಟಿಯುವ ಅರೆಬಲಿತ ಕಡ್ಡಿ, 8–10 ಸೆಂ.ಮೀ., ಗೆಣ್ಣಿನ ಕೆಳಗೇ ಕತ್ತರಿಸಿ. ಕೆಳಗಿನ ಅರ್ಧದ ಎಲೆ ಬಿಡಿಸಿ, 0.3% ಐಬಿಎ (ಬೇರು ಬರಿಸುವ ಹಾರ್ಮೋನು) ಪುಡಿಗೆ ಅದ್ದಿ, ಮರಳು ಮತ್ತು ಪರ್ಲೈಟ್ ಸಮಪಾಲಿನಲ್ಲಿ ಊರಿ. ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಮುಚ್ಚಬೇಡಿ. ರೋಮ ತೇವ ಹಿಡಿದು ಎಲೆಗೆ ಬೂಷ್ಟು ಬರುತ್ತದೆ, ತುಂಡು ಸಾಯುವುದು ಹೆಚ್ಚಾಗಿ ಇದರಿಂದಲೇ. ಬೇರು ಬರಲು ಸುಮಾರು 4–6 ವಾರ.

ಬೇರು ಕಡಿಮೆಯಾದಷ್ಟು ಮೇಲೂ ಹಗುರ ಮಾಡಿ, ಕಾಲು ಭಾಗ ಸಾಕು. ಮುಂದೆ ಲ್ಯೂಕೋಫಿಲಂ ಅನ್ನು ಕತ್ತರಿಯಿಂದ ಚೌಕಾಕಾರಕ್ಕೆ ಸವರಬೇಡಿ, ಒಳಗೆ ಬೋಳಾಗಿ ಹೂವೂ ಹೋಗುತ್ತದೆ. ವರ್ಷಕ್ಕೆ ಹಳೆಯ ಕೊಂಬೆಗಳಲ್ಲಿ ಮೂರರಲ್ಲೊಂದನ್ನು ಬುಡದಿಂದ ತೆಗೆಯಿರಿ. ಟ್ಯೂಕ್ರಿಯಂ ಹಾಗಲ್ಲ, ಗೋಲಾಕಾರಕ್ಕೆ ಸವರಿದರೂ ತಾಳುತ್ತದೆ. ಇದೇ ಧೈರ್ಯದಲ್ಲಿ ಸ್ಯಾಂಟೊಲಿನಾ, ಲ್ಯಾವೆಂಡರ್‌ನಂಥ ಬೇರೆ ಬೂದು ಎಲೆಯ ಪೊದೆಗಳಿಗೆ ಕೈಹಾಕಬೇಡಿ. ಎಲೆಯಿಲ್ಲದ ಹಳೆ ಕಟ್ಟಿಗೆಯವರೆಗೆ ಕತ್ತರಿಸಿದರೆ ಅವು ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ.