ಸಹಾಯ ಬೇಕು: ಎರಡು ಲೈಸೆನ್ಸ್‌ನ ಚಿತ್ರ ಸೇರಿಸಬಹುದಾ?

ಮಂಗಳೂರಿನಲ್ಲಿ ನರ್ಸಿಂಗ್ ಪಾಠ ಮಾಡುತ್ತೇನೆ. ಇನ್ಸುಲಿನ್ ಚುಚ್ಚುವ ಬಗ್ಗೆ ಕನ್ನಡದಲ್ಲಿ 12 ಪುಟದ ಪುಸ್ತಿಕೆ ಮಾಡಿದ್ದೇನೆ. ಯಾರು ಬೇಕಾದರೂ ತಗೊಂಡು, ತಿದ್ದಿ ಬಳಸಲಿ ಅಂತ ಆಸೆ. (ವಾರ್ಡಿನಲ್ಲಿ ರೋಗಿಗೆ ಹೇಳುವುದು ತುಳು, ಕನ್ನಡದಲ್ಲಿ. ಪಠ್ಯಪುಸ್ತಕ ಮಾತ್ರ ಇಂಗ್ಲಿಷ್!)

ಓಪನ್‌ಸ್ಟ್ಯಾಕ್ಸ್ ಅನ್ನುವ ಉಚಿತ ಪಠ್ಯಪುಸ್ತಕ ಸಂಸ್ಥೆಯ ಅನಾಟಮಿ ಪುಸ್ತಕದ ಚಿತ್ರಗಳು ಸಿಸಿ ಬೈ (ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್‌ಗಳಲ್ಲಿ ಒಂದು), ಮೂಲದ ಹೆಸರು ಹಾಕಿದರೆ ಆಯ್ತು. ತಲೆಬಿಸಿ ಇರುವುದು 7ನೇ ಪುಟದಲ್ಲಿ. ಚರ್ಮದ ಪದರದ ಚಿತ್ರ ಬೈ-ಎಸ್‌ಎ (ತಿದ್ದಿದ್ದನ್ನೂ ಅದೇ ಲೈಸೆನ್ಸ್‌ನಲ್ಲೇ ಹಂಚಬೇಕು), ಸೂಜಿ ಹಿಡಿದ ಕೈಯದ್ದು ಬೈ-ಎನ್‌ಸಿ-ಎಸ್‌ಎ (ಅದರ ಜೊತೆಗೆ ವ್ಯಾಪಾರಕ್ಕೆ ಬಳಸುವಂತಿಲ್ಲ). ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿದ್ದೇನೆ. ಆದರೆ ಎರಡೂ 'ನಮ್ಮದೇ ಲೈಸೆನ್ಸ್ ಹಾಕಿ' ಅನ್ನುತ್ತವೆ! ಲೈಬ್ರರಿಯಲ್ಲಿ ಕೇಳಿದೆ. 'ಓಪನ್ ಅಲ್ವಾ, ಸುಮ್ನೆ ಹಾಕಿ ಮೇಡಂ' ಅಂದರು.

ಚಿತ್ರಗಳನ್ನು ಬಿಡಿಬಿಡಿಯಾಗಿ ಇಟ್ಟು, ಕೆಳಗೆ ಅದರದರ ಲೈಸೆನ್ಸ್ ಬರೆದರೆ ಸರಿಯಾಗುತ್ತದಾ? ಅಥವಾ ಒಂದನ್ನು ತೆಗೆಯಲೇಬೇಕಾ?