ಪ್ರೆಸ್ ಇಲ್ಲದೆ ಮನೆಯಲ್ಲೇ ಜೆಲಟಿನ್ ಪ್ಲೇಟ್ ಮೊನೊಟೈಪ್: ಪ್ರಶ್ನೋತ್ತರ

ಪ್ರಶ್ನೆ (ಶಾಲಾ ಚಿತ್ರಕಲಾ ಶಿಕ್ಷಕಿ, ಶಿವಮೊಗ್ಗ): ಮೇಡಂ, ನಮಸ್ಕಾರ. ಎಂಟನೇ ಕ್ಲಾಸಿನ ಮಕ್ಕಳಿಗೆ ಮೊನೊಟೈಪ್, ಅಂದರೆ ಪ್ಲೇಟ್ ಮೇಲೆ ಬಣ್ಣ ಹಚ್ಚಿ ಕಾಗದಕ್ಕೆ ಇಳಿಸುವ, ಒಂದರಂತೆ ಇನ್ನೊಂದು ಬರದ ಅಚ್ಚುಚಿತ್ರ ಕಲಿಸಬೇಕು ಅಂತ ಆಸೆ. ನಮ್ಮಲ್ಲಿ ಪ್ರೆಸ್ (ಅಚ್ಚೊತ್ತುವ ಯಂತ್ರ) ಇಲ್ಲ. ಗಾಜಿನ ಮೇಲೆ ಬಣ್ಣ ಹಚ್ಚಿ, ಕಾಗದ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಿ ನೋಡಿದೆ. ಅಲ್ಲಲ್ಲಿ ಮಾತ್ರ ಬಣ್ಣ ಹತ್ತುತ್ತದೆ. ಜೆಲಟಿನ್ ಪ್ಲೇಟ್ ಆದರೆ ಪ್ರೆಸ್ ಬೇಕಿಲ್ಲ ಅಂತಾರೆ, ನಿಜವಾ? ಅಳತೆ ಹೇಳುತ್ತೀರಾ?

ಉತ್ತರ: ನಿಜ. ಗಾಜು, ತಾಮ್ರ, ಜಿಂಕ್ ಎಲ್ಲ ಗಟ್ಟಿ. ಕಾಗದ ಅವುಗಳಿಗೆ ಎಲ್ಲ ಕಡೆ ಅಂಟಿಕೊಳ್ಳಬೇಕಾದರೆ ಭಾರಿ ಒತ್ತಡ ಬೇಕು. ಪ್ರೆಸ್ ಮಾಡುವುದು ಅದನ್ನೇ. ಜೆಲಟಿನ್ ಮೆತ್ತಗಿರುತ್ತದೆ. ಮೇಲೆ ಅಂಗೈ ಇಟ್ಟರೆ ಸಾಕು, ಅದೇ ಉಬ್ಬಿ ಬಂದು ಕಾಗದವನ್ನು ಮುಟ್ಟುತ್ತದೆ. ಹಾಗಾಗಿ ಜೋರಾಗಿ ಒತ್ತಬೇಡಿ, ಉಜ್ಜಲೂ ಬೇಡಿ. ಒತ್ತಿದಷ್ಟೂ ಬಣ್ಣ ಜಾರಿ ಗೆರೆ ಕೆಡುತ್ತದೆ.

ಅಳತೆ ಹೀಗಿದೆ: ಜೆಲಟಿನ್ ಪುಡಿ 30 ಗ್ರಾಂ, ನೀರು 250 ಮಿಲಿ, ಗ್ಲಿಸರಿನ್ 125 ಮಿಲಿ. ಸುಮಾರು 6×8 ಇಂಚಿನ ಟ್ರೇಯಲ್ಲಿ ಅರ್ಧ ಇಂಚು ದಪ್ಪದ ಪ್ಲೇಟ್ ಆಗುತ್ತದೆ. ಜೆಲಟಿನ್ ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಗ್ಲಿಸರಿನ್ ಮೆಡಿಕಲ್ ಶಾಪಿನಲ್ಲಿ. ತಿನ್ನುವ ಜೆಲ್ಲಿಯ ಬಣ್ಣದ ಪ್ಯಾಕೆಟ್ ತರಬೇಡಿ, ಅದರಲ್ಲಿ ಇರುವುದು ಹೆಚ್ಚಾಗಿ ಸಕ್ಕರೆ.

ಅರ್ಧ ನೀರು ತಣ್ಣಗಿರಲಿ. ಗ್ಲಿಸರಿನ್ ಜೊತೆ ಕಲಸಿ, ಮೇಲೆ ಜೆಲಟಿನ್ ಉದುರಿಸಿ ಹತ್ತು ನಿಮಿಷ ಬಿಡಿ. ಪುಡಿ ನೀರು ಹೀರಿಕೊಂಡು ಉಬ್ಬುತ್ತದೆ. ಆಮೇಲೆ ಉಳಿದರ್ಧ ನೀರನ್ನು ಬಿಸಿ ಮಾಡಿ ಸೇರಿಸಿ. ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯಲ್ಲಿಟ್ಟು, ಕಾಳು ಪೂರ್ತಿ ಕರಗುವ ತನಕ ನಿಧಾನ ಕಲಕಿ. ಕುದಿಸಬೇಡಿ, ಜೆಲಟಿನ್ ಹಿಡಿತ ಕಡಿಮೆಯಾಗುತ್ತದೆ. ಜೋರಾಗಿ ಕದಡಲೂ ಬೇಡಿ, ಗುಳ್ಳೆ ಏಳುತ್ತದೆ. ಟ್ರೇಗೆ ಸುರಿದ ತಕ್ಷಣ ಪೇಪರ್ ಪಟ್ಟಿಯ ಅಂಚಿನಿಂದ ಗುಳ್ಳೆಗಳನ್ನು ಒಂದು ಬದಿಗೆ ಎಳೆದು ತೆಗೆಯಿರಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇರಲಿ. ಬೆಳಗ್ಗೆ ಅಂಚನ್ನು ಬೆರಳಿನಿಂದ ಬಿಡಿಸಿ, ಒಂದು ಟೈಲ್ಸ್ ಅಥವಾ ಗಾಜಿನ ಮೇಲೆ ಮಗುಚಿ ಹಾಕಿ. ಟ್ರೇಯ ತಳಕ್ಕೆ ತಾಗಿದ್ದ ಮೈಯೇ ನುಣುಪಾಗಿರುತ್ತದೆ, ಪ್ರಿಂಟ್ ಅದರ ಮೇಲೆ ತೆಗೆಯಿರಿ.

ಗ್ಲಿಸರಿನ್ ಯಾಕೆ ಅಂದರೆ, ಬರೀ ನೀರಿನ ಪ್ಲೇಟ್ ಕೆಲವೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಅಂಚು ಒಣಗಿ ಮುದುಡುತ್ತದೆ. ಗ್ಲಿಸರಿನ್ ಇದ್ದರೆ ತಿಂಗಳುಗಟ್ಟಲೆ ಬರುತ್ತದೆ. ಪ್ಲೇಟಿನ ಮೈಮೇಲೆ ಗಾಯ ಜಾಸ್ತಿಯಾದರೆ ಮತ್ತೆ ಕರಗಿಸಿ ಎರೆಯಬಹುದು. ಇದು ಹಳೆಯ ಉಪಾಯ. 19ನೇ ಶತಮಾನದ ಕೊನೆಯ ಹೆಕ್ಟೋಗ್ರಾಫ್ ಅನ್ನುವ ನಕಲು ತೆಗೆಯುವ ಸಾಧನದಲ್ಲೂ ಇದ್ದದ್ದು ಜೆಲಟಿನ್, ಗ್ಲಿಸರಿನ್ ಹಾಸೇ. ನಿಮ್ಮದು ಮಲೆನಾಡಿನ ಅಂಚು, ಮಳೆಗಾಲದಲ್ಲಿ ಗ್ಲಿಸರಿನ್ ಗಾಳಿಯ ತೇವ ಹೀರಿ ಪ್ಲೇಟ್ ಬೆವರುತ್ತದೆ. ಬಣ್ಣ ಹಾಕುವ ಮುಂಚೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಬಿಸಿ ದ್ರಾವಣ ಎರೆಯುವ ಕೆಲಸ ಮಕ್ಕಳಿಗೆ ಕೊಡಬೇಡಿ, ಅಂಟಿಕೊಂಡು ಸುಡುತ್ತದೆ. ಬಣ್ಣ ತಾಗಿದ ಟ್ರೇ ಮತ್ತೆ ಅಡುಗೆಮನೆಗೆ ಹೋಗಬಾರದು.

ಪ್ರಶ್ನೆ (ಶಿರಸಿ): ಅಕ್ಕ, ನಾನು ಎಲೆ ಇಟ್ಟು ಪ್ರಿಂಟ್ ತೆಗೆದೆ. ಎಲೆಯ ಆಕಾರ ಬೆಳ್ಳಗೆ ಬರುತ್ತದೆ, ನರ ಒಂದೂ ಕಾಣುವುದಿಲ್ಲ. ಬಣ್ಣ ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ: ಕಡಿಮೆ ಹಾಕಬೇಕು. ಇದೇ ನಾನು ಎಲ್ಲರಿಗೂ ಮತ್ತೆ ಮತ್ತೆ ಹೇಳುವ ಮಾತು. ಇಷ್ಟು ದೊಡ್ಡ ಪ್ಲೇಟಿಗೆ ಕಡಲೆಕಾಳಿನ ಗಾತ್ರದ ಮೂರು ನಾಲ್ಕು ಬೊಟ್ಟು ಅಕ್ರಿಲಿಕ್ ಬಣ್ಣ ಸಾಕು. ರಬ್ಬರ್ ರೋಲರಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಹರಡಿ. ಮೊದಲು ರೋಲರ್ ಜಾರುತ್ತದೆ, ಸದ್ದಿರುವುದಿಲ್ಲ. ಪದರ ತೆಳುವಾದ ಹಾಗೆ ಅಂಟಂಟಾಗಿ ಸಣ್ಣ ಚರಚರ ಸದ್ದು ಶುರುವಾಗುತ್ತದೆ, ಬಣ್ಣದ ಅಡಿಯಿಂದ ಪ್ಲೇಟ್ ಮಸುಕಾಗಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ.

ಈಗ ಎಲೆಯ ಬೆನ್ನು, ಅಂದರೆ ನರ ಉಬ್ಬಿದ ಮೈ, ಬಣ್ಣಕ್ಕೆ ತಾಗುವ ಹಾಗೆ ಇಡಿ. ಮೇಲೆ ಒಂದು ಹಳೇ ಕಾಗದ ಹಾಕಿ ಒತ್ತಿ ತೆಗೆಯಿರಿ. ಅದರಲ್ಲಿ ಬರುವುದು ನೀವು ನೋಡಿದ ಬಿಳಿ ಆಕಾರವೇ. ಎಲೆ ಬಣ್ಣವನ್ನು ಮುಚ್ಚಿಕೊಂಡಿತ್ತು ಅಲ್ವಾ? ಆ ಕಾಗದ ಸುತ್ತಲಿನ ಬಣ್ಣವನ್ನು ಎತ್ತಿಕೊಂಡು ಹೋಗಿರುತ್ತದೆ. ಆಮೇಲೆ ಎಲೆಯನ್ನು ತೊಟ್ಟು ಹಿಡಿದು, ಸರಿಸದೆ ನೇರ ಮೇಲಕ್ಕೆತ್ತಿ. ಪ್ಲೇಟ್ ಮೇಲೆ ಬಗ್ಗಿ ನೋಡಿ. ನಡುನರ, ಕವಲು, ಕವಲಿನ ನಡುವಿನ ಬಲೆ, ಹುಳ ತಿಂದ ತೂತಿನ ಅಂಚು ಕೂಡ ಅಲ್ಲಿರುತ್ತದೆ. ತಡಮಾಡದೆ ಒಳ್ಳೆಯ ಕಾಗದ ಇಟ್ಟು ಅಂಗೈಯಿಂದ ಮೆಲ್ಲಗೆ ಸವರಿ ಎತ್ತಿ. ನಿಮಗೆ ಬೇಕಾದ ಚಿತ್ರ ಈ ಎರಡನೇ ಪ್ರಿಂಟಿನಲ್ಲಿದೆ. ಇದಕ್ಕೆ ಘೋಸ್ಟ್ ಪ್ರಿಂಟ್ ಅಂತಾರೆ.

ಇದನ್ನು ಉಳಿಕೆ ಅಂತ ಬಿಸಾಡುವವರನ್ನು ಕಂಡರೆ ನನಗೆ ಸಂಕಟ. ಫ್ರಾನ್ಸಿನ ಚಿತ್ರಕಾರ ಡೆಗಾ ತನ್ನ ಮೊನೊಟೈಪುಗಳ ಮಸುಕಾದ ಎರಡನೇ ಪ್ರತಿ ತೆಗೆದು, ಅದರ ಮೇಲೆ ಪ್ಯಾಸ್ಟೆಲ್ ಹಚ್ಚಿ ಎಷ್ಟೋ ಚಿತ್ರ ಮಾಡಿದ. ನೀವೂ ಮಾಡಿ ನೋಡಿ.

ಎಲೆ ಕಿತ್ತ ಕೂಡಲೇ ಬಳಸಬೇಡಿ. ಹಳೇ ಪೇಪರಿನ ನಡುವೆ, ಪುಸ್ತಕದ ಭಾರದಲ್ಲಿ ಒಂದು ರಾತ್ರಿ ಇಡಿ. ಚಪ್ಪಟೆಯಾಗಬೇಕು, ಗರಿಗರಿ ಆಗಬಾರದು. ನಿಮ್ಮ ಕಡೆ ಜರೀಗಿಡಕ್ಕೆ ಬರವಿಲ್ಲ, ಅದು ಬಲು ಚೆನ್ನಾಗಿ ಬರುತ್ತದೆ. ಅರಳಿ, ಹರಳೆಲೆ, ತೇಗದ ಎಳೆ ಎಲೆಯೂ ಚೆಂದ. ದೊಡ್ಡಪತ್ರೆಯಂಥ ರಸದ ಎಲೆ ಬೇಡ. ಪಪ್ಪಾಯಿ ಎಲೆಯಂತೂ ಬೇಡವೇ ಬೇಡ. ಅದರ ಹಾಲಿನಲ್ಲಿ ಪ್ರೋಟೀನ್ ಒಡೆಯುವ ಪಪೇಯಿನ್ ಇದೆ. ಜೆಲಟಿನ್ ಕೂಡ ಪ್ರೋಟೀನೇ, ಹಾಲು ತಾಗಿದ ಜಾಗ ಲೊಳೆಯಾಗುತ್ತದೆ.

ಪ್ರಶ್ನೆ (ಕಲಬುರಗಿ): ಮೇಡಂ, ನಮ್ಮ ಕಡೆ ಬಿಸಿಲು ಭಾಳ. ಬಣ್ಣ ಹಚ್ಚುತ್ತಿದ್ದಂತೆ ಒಣಗುತ್ತದೆ, ಮಧ್ಯಾಹ್ನ ಪ್ಲೇಟೂ ಮೆತ್ತಗಾಗುತ್ತದೆ. ಏನು ಮಾಡಲಿ?

ಉತ್ತರ: ಜೆಲಟಿನ್ 30–35 ಡಿಗ್ರಿಗೆಲ್ಲ ಕರಗಲು ಶುರುವಾಗುತ್ತದೆ, ನಿಮ್ಮಲ್ಲಿ ಬೇಸಿಗೆ 40 ದಾಟುತ್ತದೆ. ಬೆಳಗಿನ ಹೊತ್ತೇ ಕೆಲಸ ಮುಗಿಸಿ. ಜೆಲಟಿನ್ 30ರ ಬದಲು 38–40 ಗ್ರಾಂ ಹಾಕಿ. ಪ್ಲೇಟ್ ಅಡಿಯ ಟೈಲ್ಸ್ ಕೂಡ ಫ್ರಿಜ್ಜಿನಲ್ಲಿ ಇಟ್ಟು ತಣ್ಣಗೆ ಮಾಡಿಕೊಳ್ಳಿ. ಫ್ಯಾನ್ ಬಂದ್ ಮಾಡಿ, ಬಣ್ಣ ಬೇಗ ಒಣಗಲು ಅರ್ಧ ಕಾರಣ ಅದೇ. ಬಣ್ಣ ನಿಧಾನ ಒಣಗುವಂತೆ ಮಾಡುವ ಅಕ್ರಿಲಿಕ್ ರಿಟಾರ್ಡರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬಣ್ಣಕ್ಕೆ ಒಂದೆರಡು ಹನಿ ಗ್ಲಿಸರಿನ್ ಕಲಸಿ. ಜಾಸ್ತಿಯಾದರೆ ಪ್ರಿಂಟ್ ಒಣಗದೆ ಅಂಟಂಟಾಗೇ ಉಳಿಯುತ್ತದೆ. ಪ್ಲೇಟ್ ಮೇಲೆ ಒಣಗಿ ಕೂತ ಬಣ್ಣವನ್ನು ಕೆರೆಯಬೇಡಿ. ಅದರ ಮೇಲೆ ತೆಳುವಾಗಿ ಇನ್ನೊಂದು ಬಣ್ಣ ಹಚ್ಚಿ, ಕಾಗದ ಇಟ್ಟು ಐದು ನಿಮಿಷ ಬಿಟ್ಟು ಎತ್ತಿ. ಎರಡೂ ಪದರ ಒಟ್ಟಿಗೆ ಬರುತ್ತವೆ, ಎಷ್ಟೋ ಸಲ ಅದೇ ಒಳ್ಳೆಯ ಪ್ರಿಂಟ್ ಆಗಿರುತ್ತದೆ.

ಪ್ರಶ್ನೆ (ಉಡುಪಿ): ಜೆಲಟಿನ್ ಪ್ರಾಣಿಗಳದ್ದು ಅಂತ ಮನೆಯಲ್ಲಿ ಬೇಡ ಅಂತಾರೆ. ಚೈನಾ ಗ್ರಾಸ್ ಆಗುತ್ತದಾ?

ಉತ್ತರ: ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದಲೇ ಬರುವುದು. ಮನೆಯವರ ಮಾತು ಸರಿ. ಚೈನಾ ಗ್ರಾಸ್ ಕಡಲ ಪಾಚಿಯದು. ಪುಡಿಯಾದರೆ 400 ಮಿಲಿ ನೀರಿಗೆ 10 ಗ್ರಾಂ ಹಾಕಿ, ಇದನ್ನು ಮಾತ್ರ ಚೆನ್ನಾಗಿ ಕುದಿಸಬೇಕು. ಬಿಸಿಲಿಗೆ ಕರಗುವುದಿಲ್ಲ. ಆದರೆ ಪೆಡಸು, ಬಾಗಿಸಿದರೆ ಮುರಿಯುತ್ತದೆ. ಟ್ರೇಯಿಂದ ಹೊರಗೆ ತೆಗೆಯದೆ ಅಲ್ಲೇ ಪ್ರಿಂಟ್ ಮಾಡಿ. ಒಂದೆರಡು ದಿನದ ಆಟಕ್ಕೆ ಸಾಕು. ಮುಂದುವರಿಸುವ ಮನಸ್ಸಿದ್ದರೆ ರೆಡಿಮೇಡ್ ಸಿಂಥೆಟಿಕ್ ಪ್ಲೇಟ್ ಕೊಳ್ಳಿ. ಜೆಲ್ ಪ್ಲೇಟ್ ಅಂತಲೇ ಮಾರುತ್ತಾರೆ, ಫ್ರಿಜ್ ಕೂಡ ಬೇಕಿಲ್ಲ.

ಪ್ರಶ್ನೆ (ಮೈಸೂರು): ಫೋಟೊ ಕೂಡ ಪ್ಲೇಟಿಗೆ ಇಳಿಸುತ್ತಾರಂತೆ. ನಾನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದು ಮಾಡಿದೆ, ಬರೀ ಕೊಳೆಯಾಯಿತು.

ಉತ್ತರ: ಇಂಕ್‌ಜೆಟ್ ಆಗುವುದಿಲ್ಲ. ಜೆರಾಕ್ಸ್ ಅಂಗಡಿಯ ಟೋನರ್ (ಪುಡಿ ಶಾಯಿ) ಪ್ರತಿ ಬೇಕು, ಕಪ್ಪು ಬಿಳುಪು ಸ್ಪಷ್ಟವಾಗಿ ಇರುವಂಥದ್ದು. ಕಪ್ಪು ಅಕ್ರಿಲಿಕ್ ತೀರಾ ತೆಳುವಾಗಿ ಹಚ್ಚಿ. ಜೆರಾಕ್ಸನ್ನು ಬೋರಲು ಹಾಕಿ, ಸವರಿ, ಬೇಗ ಎತ್ತಿ. ಬಿಳಿ ಕಾಗದ ಬಣ್ಣ ಹೀರಿಕೊಳ್ಳುತ್ತದೆ, ಟೋನರ್ ಹೀರುವುದಿಲ್ಲ. ಹಾಗಾಗಿ ಚಿತ್ರದ ಕಪ್ಪು ಭಾಗ ಪ್ಲೇಟ್ ಮೇಲೇ ಉಳಿಯುತ್ತದೆ. ಅದು ಪೂರ್ತಿ ಒಣಗಲಿ. ಮೇಲೆ ಹಳದಿಯೋ ಬಿಳಿಯೋ ಒಂದು ತಿಳಿ ಬಣ್ಣ ಹಚ್ಚಿ, ಒಳ್ಳೆಯ ಕಾಗದ ಇಟ್ಟು, ಕೆಲವು ನಿಮಿಷ ಬಿಟ್ಟು ಎತ್ತಿ. ಎರಡು ಸಲ ತಿರುಗುವುದರಿಂದ ಅಕ್ಷರವೂ ನೇರವಾಗೇ ಬರುತ್ತದೆ. ಕೈಯಿಂದ ಪ್ಲೇಟ್ ಮೇಲೆ ಬರೆದರೆ ಮಾತ್ರ ಉಲ್ಟಾ.

ಪ್ರಶ್ನೆ (ಬೆಂಗಳೂರು): ಚಿತ್ರಸಂತೆಯಲ್ಲಿ ಮಾರಬೇಕು ಅಂತಿದ್ದೇನೆ. ಇದನ್ನು ಪ್ರಿಂಟ್ ಅನ್ನಬಹುದಾ? ಸಹಿ ಹೇಗೆ?

ಉತ್ತರ: ಧಾರಾಳವಾಗಿ ಅನ್ನಬಹುದು. ಮೊನೊಟೈಪ್ 1640ರ ದಶಕದಲ್ಲಿ ಇಟಲಿಯ ಚಿತ್ರಕಾರ ಕಾಸ್ತಿಲ್ಯೋನೆಯಿಂದ ಬಂದ ವಿದ್ಯೆ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ 1/1 (ಇರುವುದು ಒಂದೇ ಪ್ರತಿ ಅಂತ), ನಡುವೆ ಚಿತ್ರದ ಹೆಸರು, ಬಲಕ್ಕೆ ಸಹಿ ಮತ್ತು ಇಸವಿ ಬರೆಯಿರಿ. ಘೋಸ್ಟ್ ಪ್ರಿಂಟಿಗೆ 2/2 ಅಂತ ಹಾಕಬೇಡಿ, ಅದೂ 1/1. ಕೊಳ್ಳುವವರು ಕೇಳಿದರೆ ಯಾವ ಬಣ್ಣ, ಯಾವ ಕಾಗದ, ಕೈಯಿಂದ ಒತ್ತಿದ್ದು ಅಂತ ಹೇಳಿ. ಮಾರುವ ಪ್ರಿಂಟಿಗೆ ಜೆರಾಕ್ಸ್ ಹಾಳೆ ಬೇಡ, ಹತ್ತಿಯ ಕೈಕಾಗದ ಬಳಸಿ. ಫ್ರೇಮ್ ಹಾಕಿಸುವಾಗ ಗಾಜು ಬಣ್ಣಕ್ಕೆ ತಾಗದಂತೆ ನಡುವೆ ಮೌಂಟ್ (ರಟ್ಟಿನ ಚೌಕಟ್ಟು) ಕೊಡಲು ಹೇಳಿ, ಅಕ್ರಿಲಿಕ್ ಬಣ್ಣ ಗಾಜಿಗೆ ಅಂಟಿಕೊಳ್ಳುತ್ತದೆ.